ಗೆಳತಿಯರ ಸ್ಟೇಟಸ್ ನೋಡಿ ಮಗಳು ವಿಭಾಗ ಬದಲಿಸುತ್ತೇನೆ ಎನ್ನುತ್ತಿದ್ದಾಳೆ: ಇದನ್ನು ಅವಳ ಆಯ್ಕೆ ಎಂದು ಒಪ್ಪಬೇಕೇ?

ಪ್ರಶ್ನೆ: ಬೆಟಗೇರಿಯ ತಾಯಿ

ನನ್ನ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ. ಗದಗಿನಲ್ಲಿಯೇ ಪಿಯು ಕಲಾ ವಿಭಾಗಕ್ಕೆ ಸೇರಿ, ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುತ್ತೇನೆ ಎಂದು ಎಂಟನೆಯ ತರಗತಿಯಿಂದಲೂ ಹೇಳುತ್ತ ಬಂದವಳು. ಲಕ್ಕುಂಡಿಗೆ ಕರೆದುಕೊಂಡು ಹೋದರೆ ಶಾಸನದ ಕಲ್ಲಿನ ಮುಂದೆ ಕುಳಿತು ಅಕ್ಷರ ಅಕ್ಷರವಾಗಿ ಬಿಡಿಸಿ ಓದಲು ಯತ್ನಿಸುತ್ತಾಳೆ, ಊಟದ ನೆನಪೂ ಇರುವುದಿಲ್ಲ.

ಫಲಿತಾಂಶ ಬಂದ ಮೇಲೆ ಅವಳ ತರಗತಿಯ ಗೆಳತಿಯರ ವಾಟ್ಸಾಪ್ ಸ್ಟೇಟಸ್‌ಗಳಲ್ಲಿ ಹುಬ್ಬಳ್ಳಿ, ಧಾರವಾಡದ ಕಾಲೇಜುಗಳ ಗೇಟಿನ ಮುಂದೆ ತೆಗೆಸಿಕೊಂಡ ಚಿತ್ರಗಳು, ಹೊಸ ಟ್ರಂಕು, ಹಾಸ್ಟೆಲ್ ಕೋಣೆ, ಕೆಳಗೆ ‘ಪಿಸಿಎಂಬಿ’ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಎಂಬ ನಾಲ್ಕು ಅಕ್ಷರ. ಈಗ ಇವಳೂ ವಿಜ್ಞಾನ ತೆಗೆದುಕೊಂಡು ನೀಟ್ ಬರೆಯುತ್ತೇನೆ ಎನ್ನುತ್ತಿದ್ದಾಳೆ. ಯಾರೂ ಅವಳನ್ನು ಒತ್ತಾಯಿಸಿಲ್ಲ, ಹೀಯಾಳಿಸಿಯೂ ಇಲ್ಲ. ಕಾರಣ ಕೇಳಿದರೆ, “ಎಲ್ಲರೂ ಹೊರಟಿರುವಾಗ ನಾನು ಸ್ಟೇಟಸ್‌ಗೆ ಏನು ಹಾಕಲಿ, ಅವ್ವಾ?” ಎಂದಳು. ನಿಜವಾಗಿಯೂ ಅವಳಿಗೆ ವಿಜ್ಞಾನ ಬೇಕಿದ್ದರೆ ಸಾಲ ಮಾಡಿಯಾದರೂ ಓದಿಸುತ್ತೇವೆ. ಆದರೆ ಈ ಬಯಕೆ ಅವಳದೋ, ಗುಂಪಿನದೋ ಎಂಬುದನ್ನು ತಿಳಿಯುವ ಬಗೆ ಹೇಗೆ?

ಉತ್ತರ: ಧಾರವಾಡದ ಉಪನ್ಯಾಸಕ

ಯಾರೂ ಒತ್ತಾಯಿಸಿಲ್ಲ ಎಂಬ ನಿಮ್ಮ ಮಾತೇ ಇಲ್ಲಿ ಮುಖ್ಯವಾದದ್ದು. ಓರಗೆಯವರ ಒತ್ತಡವು ಬಹುಮಟ್ಟಿಗೆ ಬಾಯಿಮಾತಿನಿಂದ ಬರುವುದಿಲ್ಲ. ಎಲ್ಲರೂ ಒಂದೇ ಕಡೆ ನಡೆಯುತ್ತಿರುವುದು ಕಣ್ಣಿಗೆ ಬಿದ್ದರೆ ಸಾಕು. ಅಮೆರಿಕದ ಮನೋವಿಜ್ಞಾನಿ ಸಾಲೊಮನ್ ಆಶ್ 1951ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೂರು ಗೆರೆಗಳಲ್ಲಿ ಯಾವುದು ಕೊಟ್ಟ ಗೆರೆಯಷ್ಟೇ ಉದ್ದವಿದೆ ಎಂಬ ತೀರಾ ಸುಲಭವಾದ ಪ್ರಶ್ನೆಗೆ, ಮೊದಲೇ ಹೇಳಿಕೊಟ್ಟಿದ್ದ ಜೊತೆಗಾರರೆಲ್ಲ ಒಂದೇ ತಪ್ಪು ಉತ್ತರ ಕೊಟ್ಟಾಗ, ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಮ್ಮೆಯಾದರೂ ಗುಂಪಿನ ತಪ್ಪನ್ನೇ ಹೇಳಿದರು. ಕಣ್ಣಿಗೆ ಕಾಣುವ ಗೆರೆಯ ವಿಷಯದಲ್ಲಿಯೇ ಹೀಗಾದರೆ, ಹದಿನಾರರ ವಯಸ್ಸಿನಲ್ಲಿ ಭವಿಷ್ಯದ ವಿಷಯದಲ್ಲಿ ಏನಾಗಬಹುದು ಎಂಬುದನ್ನು ಊಹಿಸಿ.

ಆಶ್ ಅವರು ಇದೇ ಸರಣಿಯಲ್ಲಿ ಕಂಡುಕೊಂಡ ಇನ್ನೆರಡು ಸಂಗತಿಗಳು ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ಉಳಿದವರಿಗೆ ಶರಣಾಗುವ ಪ್ರಮಾಣ ತೀವ್ರವಾಗಿ ಇಳಿಯಿತು. ಉತ್ತರವನ್ನು ಎಲ್ಲರೆದುರು ಹೇಳುವ ಬದಲು ತಾನೊಬ್ಬನೇ ಚೀಟಿಯಲ್ಲಿ ಬರೆಯುವಂತೆ ಮಾಡಿದಾಗಲೂ ಇಳಿಯಿತು. ಆದ್ದರಿಂದ ಮಗಳಿಗೆ ಒಂದು ಹಾಳೆ ಕೊಟ್ಟು, ಎರಡು ವರ್ಷ ದಿನವೂ ಯಾವ ಪುಸ್ತಕಗಳನ್ನು ತೆರೆದು ಕುಳಿತುಕೊಳ್ಳಲು ಅವಳಿಗೆ ಮನಸ್ಸಿದೆ ಎಂಬುದನ್ನು ಬರೆಯಲು ಹೇಳಿ. ನೀವೂ ಪಕ್ಕದಲ್ಲಿ ನಿಲ್ಲಬೇಡಿ, ಏಕೆಂದರೆ ಆಗ ನೀವೂ ಒಂದು ಗುಂಪೇ ಆಗುತ್ತೀರಿ. ಹಾಗೆಯೇ, ಕಲಾ ವಿಭಾಗ ಆರಿಸಿಕೊಂಡ ಒಬ್ಬ ಹುಡುಗಿಯನ್ನಾದರೂ ಅವಳಿಗೆ ಭೇಟಿ ಮಾಡಿಸಿ. ಒಬ್ಬಳು ಸಾಕು.

ಲೈಕ್‌ಗಳ ಬಗ್ಗೆಯೂ ಒಂದು ಮಾತು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 13ರಿಂದ 18 ವರ್ಷದ ಮಕ್ಕಳಿಗೆ ಚಿತ್ರಗಳನ್ನು ತೋರಿಸಲಾಯಿತು. ಒಂದೇ ಚಿತ್ರಕ್ಕೆ ಕೆಲವರ ಪರದೆಯಲ್ಲಿ ಹೆಚ್ಚು ಲೈಕ್, ಉಳಿದವರ ಪರದೆಯಲ್ಲಿ ಕಡಿಮೆ. ಹೆಚ್ಚು ಲೈಕ್ ಕಂಡವರೇ ಅದನ್ನು ಹೆಚ್ಚಾಗಿ ಮೆಚ್ಚಿದರು. ಚಿತ್ರ ಬದಲಾಗಿರಲಿಲ್ಲ, ಅಂಕಿ ಮಾತ್ರ ಬದಲಾಗಿತ್ತು.

ಉತ್ತರ: ಸಪ್ತಾಪುರದಲ್ಲಿ ಓದುತ್ತಿರುವವನು

ನಾನು ಹಾವೇರಿ ಜಿಲ್ಲೆಯಿಂದ ಬಂದು ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಇಲ್ಲಿ ನಿತ್ಯ ಕಾಣುವುದನ್ನು ಹೇಳುತ್ತೇನೆ. ಆಯ್ಕೆ ಪಟ್ಟಿ ಪ್ರಕಟವಾದ ಸಂಜೆ ನಮ್ಮ ಟೆಲಿಗ್ರಾಂ ಗ್ರೂಪುಗಳು ಹಾರ ಹಾಕಿಸಿಕೊಂಡವರ ಚಿತ್ರಗಳಿಂದ, ಪೇಢೆ ಹಂಚುವ ವಿಡಿಯೊಗಳಿಂದ ತುಂಬಿಹೋಗುತ್ತವೆ. ಅದೇ ಸಂಜೆ ಪಕ್ಕದ ಕೋಣೆಯಲ್ಲಿ ಹಾಸಿಗೆ ಸುತ್ತಿ, ಪುಸ್ತಕಗಳನ್ನು ಚೀಲಕ್ಕೆ ತುಂಬಿ, ರಾತ್ರಿಯ ಬಸ್ಸಿಗೆ ಊರಿಗೆ ಹೋಗುವ ಹುಡುಗ ಯಾವ ಚಿತ್ರವನ್ನೂ ಹಾಕುವುದಿಲ್ಲ. ಗ್ರೂಪಿನಿಂದ ಸುಮ್ಮನೆ ಹೊರಬಿದ್ದಿರುತ್ತಾನೆ. ಹೊಸದಾಗಿ ಬರುವವರು ಉಳಿದ ಚಿತ್ರಗಳನ್ನಷ್ಟೇ ನೋಡಿ, ಯಾವ ಪರೀಕ್ಷೆ, ಯಾವ ಕೋಚಿಂಗ್ ಎಂಬುದನ್ನು ತೀರ್ಮಾನಿಸುತ್ತಾರೆ.

ನಿಮ್ಮ ಮಗಳು ನೋಡುತ್ತಿರುವುದು ಪ್ರವೇಶದ ಚಿತ್ರಗಳನ್ನು ಮಾತ್ರ. ಮೊದಲ ಕಿರುಪರೀಕ್ಷೆಯ ಅಂಕಗಳನ್ನು ಯಾರೂ ಸ್ಟೇಟಸ್‌ಗೆ ಹಾಕುವುದಿಲ್ಲ. ವಿಜ್ಞಾನ ಓದುತ್ತಿರುವ, ಎರಡನೆಯ ಪಿಯುಗೆ ಬಂದಿರುವ ಹುಡುಗಿಯೊಬ್ಬಳ ಜೊತೆ ಅವಳನ್ನು ಒಂದು ಇಡೀ ದಿನ ಬಿಡಿ, ಬೆಳಗಿನ ಕೋಚಿಂಗ್‌ನಿಂದ ರಾತ್ರಿಯ ಓದಿನವರೆಗೆ. ಅದನ್ನು ಕಂಡ ಮೇಲೂ ಬೇಕು ಎಂದರೆ ಅದನ್ನು ಅವಳ ಬಯಕೆ ಎಂದು ನಾನು ಒಪ್ಪುತ್ತೇನೆ.

ಉತ್ತರ: ರಾಣೆಬೆನ್ನೂರಿನ ಹಿರಿಯ

ಎಲ್ಲವನ್ನೂ ಮೊಬೈಲಿನ ಮೇಲೆ ಹೊರಿಸುವುದನ್ನು ನಾನು ಒಪ್ಪಲಾರೆ. ನಮ್ಮ ಕಾಲದಲ್ಲಿಯೂ ಕಟ್ಟೆಯ ಮೇಲೆ ಕುಳಿತವರು ಯಾರ ಮಗ ಎಲ್ಲಿ ಓದುತ್ತಾನೆ ಎಂದು ತೂಗಿ ನೋಡುತ್ತಿದ್ದರು. ಆದರೆ ಕಟ್ಟೆಯಿಂದ ಎದ್ದು ಮನೆಗೆ ಬಂದರೆ ಅದು ಅಲ್ಲಿಗೇ ನಿಲ್ಲುತ್ತಿತ್ತು. ಈಗ ಮಲಗುವ ಹಾಸಿಗೆಯವರೆಗೂ ಬರುತ್ತದೆ ಎಂಬುದು ನಿಜ.

ಇನ್ನೊಂದನ್ನು ಕೇಳಲೇಬೇಕು. ಬಂಧುಗಳ ಗ್ರೂಪಿನಲ್ಲಿ ಹಿರಿಯರಾದ ನಾವು ಯಾರಿಗೆ ಅಭಿನಂದನೆ ಬರೆಯುತ್ತೇವೆ? ವೈದ್ಯಕೀಯ ಸೀಟು ಸಿಕ್ಕ ಮೊಮ್ಮಗನಿಗೆ ನೂರು ಹೂಗುಚ್ಛದ ಚಿತ್ರಗಳು ಬೀಳುತ್ತವೆ, ಬಿಎ ಪಾಸಾದ ಮೊಮ್ಮಗಳ ಸುದ್ದಿಯ ಕೆಳಗೆ ಒಂದು ಹೆಬ್ಬೆರಳು. ಮಕ್ಕಳು ಅದನ್ನೂ ಓದುತ್ತಾರೆ.

ಬೆಟಗೇರಿಯ ತಾಯಿ

ಮೂವರಿಗೂ ಕೃತಜ್ಞತೆಗಳು. ಹಾಳೆ ಕೊಟ್ಟು ನಾನು ಅಡುಗೆಮನೆಗೆ ಹೋದೆ. ಅವಳು ಇತಿಹಾಸವನ್ನು ಮೊದಲು ಬರೆದು, ಜೀವಶಾಸ್ತ್ರವನ್ನು ಎರಡನೆಯದಾಗಿ ಬರೆದಿದ್ದಾಳೆ. ಭೌತಶಾಸ್ತ್ರ, ಗಣಿತಗಳನ್ನು ಬರೆದೇ ಇಲ್ಲ. ಹಾಗೆಂದು ನಾನು ತೀರ್ಪು ಕೊಟ್ಟಿಲ್ಲ. ಈ ಭಾನುವಾರ ಧಾರವಾಡದಲ್ಲಿ ಎರಡನೆಯ ಪಿಯು ವಿಜ್ಞಾನ ಓದುತ್ತಿರುವ ನಮ್ಮ ನಾದಿನಿಯ ಮಗಳ ಕೋಣೆಗೆ ಅವಳನ್ನು ಕಳಿಸುತ್ತಿದ್ದೇನೆ. ಮರುದಿನ, ವಿಶ್ವವಿದ್ಯಾಲಯದಲ್ಲಿ ಇತಿಹಾಸ ಎಂಎ ಓದುತ್ತಿರುವ ನಮ್ಮ ಓಣಿಯ ಹುಡುಗಿ ಅವಳನ್ನು ಕನ್ನಡ ಸಂಶೋಧನ ಸಂಸ್ಥೆಗೆ ಕರೆದೊಯ್ಯಲು ಒಪ್ಪಿದ್ದಾಳೆ. ಬಂಧುಗಳ ಗ್ರೂಪಿನ ವಿಷಯವನ್ನು ನನ್ನ ಯಜಮಾನರಿಗೆ ಓದಿ ಹೇಳಿದ್ದೇನೆ.