ಹಳೆಯ ಕಾರಿನ ಬಾಗಿಲ ಮೇಲಿನ ಅಕ್ಷರಗಳನ್ನೂ ಡಿಕ್ಕಿಯ ಬ್ಯಾಡ್ಜನ್ನೂ ಬಣ್ಣ ಕೆಡದಂತೆ ತೆಗೆಯುವುದು ಹೇಗೆ?

ಬದಿಯಡ್ಕದಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮನೆಯ ಉಪಯೋಗಕ್ಕೆಂದು ಕುಂಬಳೆ ಕಡೆಯ ಅಡುಗೆ ಗುತ್ತಿಗೆದಾರರೊಬ್ಬರಿಂದ ಕೆಂಪು ಬಣ್ಣದ ಹಳೆಯ ವ್ಯಾಗನ್ ಆರ್ ಕಾರನ್ನು ಕೊಂಡಿದ್ದೇನೆ. ಎರಡೂ ಬದಿಯ ಬಾಗಿಲುಗಳ ಮೇಲೆ ಅವರ ಸಂಸ್ಥೆಯ ಹೆಸರು ಮಲಯಾಳದಲ್ಲಿ ದೊಡ್ಡದಾಗಿ ಇದ್ದು, ಅದರ ಕೆಳಗೆ ದೂರವಾಣಿ ಸಂಖ್ಯೆಯೂ ಇರುವುದರಿಂದ, ಮದುವೆಯ ಊಟದ ದರ ವಿಚಾರಿಸಲು ದಾರಿಯಲ್ಲಿ ನನ್ನನ್ನು ನಿಲ್ಲಿಸುವವರೂ ಇದ್ದಾರೆ. ಆ ಸ್ಟಿಕ್ಕರುಗಳು ವರ್ಷಗಟ್ಟಲೆ ಬಿಸಿಲು ತಿಂದು ಅಲ್ಲಲ್ಲಿ ಬಿರುಕು ಬಿಟ್ಟಿವೆ. ಡಿಕ್ಕಿಯ ಮೇಲಿರುವ ಕ್ರೋಮ್ ಅಕ್ಷರಗಳನ್ನೂ ತೆಗೆಯಬೇಕೆಂಬ ಆಸೆಯಿದೆ. ಒಂದು ವರ್ಕ್‌ಶಾಪಿನಲ್ಲಿ ಥಿನ್ನರ್ ಹಾಕಿ ಉಜ್ಜಿದರೆ ಸಾಕೆಂದರು, ಇನ್ನೊಂದರಲ್ಲಿ ಹೀಟ್ ಗನ್ ಇಲ್ಲದೆ ಆಗದೆಂದರು. ಎಡಬದಿಯ ಹಿಂದಿನ ಬಾಗಿಲಿನ ಬಣ್ಣ ಉಳಿದುದಕ್ಕಿಂತ ಸ್ವಲ್ಪ ಬೇರೆಯಾಗಿ ಕಾಣುತ್ತದೆ ಎಂಬುದನ್ನೂ ತಿಳಿಸಿರುತ್ತೇನೆ. ಅನುಭವವುಳ್ಳವರು ದಾರಿ ತೋರಿಸಬೇಕಾಗಿ ಕೋರಿಕೆ.

ಉಪ್ಪಳದಿಂದ ಉತ್ತರ:

ನಮಸ್ಕಾರ. ಪೈಂಟಿಂಗ್ ಕೆಲಸದಲ್ಲಿ ಬಹಳ ಕಾಲದಿಂದ ಇರುವವನಾದ್ದರಿಂದ ಹೇಳುತ್ತೇನೆ: ಥಿನ್ನರೋ ಹೀಟ್ ಗನ್ನೋ ಎಂಬ ಪ್ರಶ್ನೆಗಿಂತ ಮೊದಲು, ಸ್ಟಿಕ್ಕರಿನ ಅಡಿಯಲ್ಲಿರುವುದು ಕಂಪೆನಿಯ ಬಣ್ಣವೋ ಆಮೇಲೆ ಹೊಡೆಸಿದ್ದೋ ಎಂಬುದನ್ನು ತಿಳಿದುಕೊಳ್ಳಿ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ಬಂದ ಆ ಎಡಬದಿಯ ಬಾಗಿಲೇ ಇಲ್ಲಿ ಮುಖ್ಯವಾದದ್ದು. ಕಾರ್ಖಾನೆಯಲ್ಲಿ ಲೋಹದ ಮೇಲೆ ಹೊಡೆದ ಬಣ್ಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿ ಗಟ್ಟಿಗೊಳಿಸಿರುತ್ತಾರೆ. ವರ್ಕ್‌ಶಾಪುಗಳಲ್ಲಿ ಹೊಡೆದದ್ದು, ಒಳ್ಳೆಯ ಬೂತ್ (ಬಣ್ಣ ಹೊಡೆದು ಒಣಗಿಸುವ ಮುಚ್ಚಿದ ಕೋಣೆ) ಇರುವಲ್ಲಿಯೂ, ಸುಮಾರು 60 ಡಿಗ್ರಿಯಲ್ಲಿ ಒಣಗಿದ್ದಾಗಿರುತ್ತದೆ. ಹೆಚ್ಚಿನ ಕಡೆ ಬರಿಯ ಗಾಳಿಯಲ್ಲಿ ಒಣಗಿಸುತ್ತಾರೆ. ಅಡಿಯ ಪುಟ್ಟಿಯನ್ನೋ ಪ್ರೈಮರನ್ನೋ ಸರಿಯಾಗಿ ಮರಳುಕಾಗದದಿಂದ ತಿಕ್ಕದಿದ್ದರೆ, ಸ್ಟಿಕ್ಕರಿನ ಅಂಟು ಬಣ್ಣವನ್ನು ಹಿಡಿದಿರುವ ಬಲವು ಬಣ್ಣ ಬಾಗಿಲನ್ನು ಹಿಡಿದಿರುವ ಬಲಕ್ಕಿಂತ ಹೆಚ್ಚಾಗಿಬಿಟ್ಟು, ಎಳೆದಾಗ ಎರಡೂ ಒಟ್ಟಿಗೆ ಕಿತ್ತು ಬರುತ್ತವೆ.

ಪರೀಕ್ಷಿಸುವುದು ಕಷ್ಟವಲ್ಲ. ಬಾಗಿಲಿನ ರಬ್ಬರಿನ ಅಂಚಿನಲ್ಲಿಯೂ ಹಿಡಿಕೆಯ ಸುತ್ತಲೂ ಬಣ್ಣದ ಸಿಂಪಡಣೆ ಕಾಣುತ್ತದೆಯೇ, ಹಿಂಜ್ ಬೋಲ್ಟುಗಳ ಮೇಲೆ ಸ್ಪ್ಯಾನರ್ ಬಿದ್ದ ಗುರುತಿದೆಯೇ ಎಂದು ನೋಡಿ. ಫ್ರಿಜ್ಜಿಗೆ ಅಂಟಿಸುವ ಸಾಧಾರಣ ಅಯಸ್ಕಾಂತವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ ಬಾಗಿಲ ಮೇಲೆ ಇಡುತ್ತಾ ಹೋದರೆ, ಪುಟ್ಟಿ ದಪ್ಪವಿರುವಲ್ಲಿ ಅದು ಹಿಡಿಯದೆ ಜಾರುತ್ತದೆ. ಡಿಕ್ಕಿಯ ಅಕ್ಷರಗಳ ಬುಡವನ್ನೂ ಉಗುರಿನಿಂದ ಮುಟ್ಟಿ ನೋಡಿ. ಬ್ಯಾಡ್ಜನ್ನು ಕಳಚದೆ ಸುತ್ತ ಟೇಪು ಕಟ್ಟಿ ಬಣ್ಣ ಹೊಡೆದಿದ್ದರೆ ಅಲ್ಲೊಂದು ಸಣ್ಣ ಏರು ಸಿಗುತ್ತದೆ. ಹೀಗೆ ಮಾಡುವವರು ಎಷ್ಟೋ ಜನ ಇದ್ದಾರೆ, ಬೇಸರದಿಂದಲೇ ಹೇಳುತ್ತಿದ್ದೇನೆ.

ಥಿನ್ನರನ್ನು ಮಾತ್ರ ಯಾವ ಬಾಗಿಲಿಗೂ ಮುಟ್ಟಿಸಬೇಡಿ. ಕಂಪೆನಿಯ ಬಣ್ಣ ಸ್ವಲ್ಪ ಹೊತ್ತು ತಡೆದುಕೊಂಡೀತು, ಹೊರಗೆ ಹೊಡೆಸಿದ ಬಣ್ಣ ಮೆತ್ತಗಾಗಿ ಬಟ್ಟೆಗೆ ಬರುತ್ತದೆ.

ಮುಳ್ಳೇರಿಯದಿಂದ ಉತ್ತರ:

ಉಪ್ಪಳದ ಅಣ್ಣನವರು ಹೇಳಿದ ಪರೀಕ್ಷೆಯ ನಂತರದ ಕೆಲಸದ ಬಗ್ಗೆ ಬರೆಯುತ್ತೇನೆ. ನಮ್ಮೂರಿನ ಮುರಕಲ್ಲಿನ ಕೆಂಪು ಧೂಳು ಸ್ಟಿಕ್ಕರಿನ ಅಂಚುಗಳಲ್ಲಿ ಕೂತಿರುವುದರಿಂದ, ಶಾಂಪೂ ನೀರಿನಿಂದ ಚೆನ್ನಾಗಿ ತೊಳೆಯದೆ ಕೈಯಿಕ್ಕಿದರೆ ಗೀರು ಬೀಳುವುದು ಖಂಡಿತ. ಕೂದಲು ಒಣಗಿಸುವ ಡ್ರೈಯರ್ ಈ ಕೆಲಸಕ್ಕೆ ಸಾಕು. ಹೀಟ್ ಗನ್ನಿನ ಗಾಳಿ 500 ಡಿಗ್ರಿಯನ್ನೂ ದಾಟಬಲ್ಲದು, ಒಂದೇ ಕಡೆ ಕ್ಷಣ ಹೆಚ್ಚು ನಿಂತರೆ ಬಣ್ಣ ಗುಳ್ಳೆಯೇಳುತ್ತದೆ. ಡ್ರೈಯರನ್ನು ಆಡಿಸುತ್ತಾ ಇದ್ದು, ಅಂಗೈ ಇಟ್ಟರೆ ಬಿಸಿಯೆನಿಸಿದರೂ ತಡೆದುಕೊಳ್ಳಬಹುದಾದಷ್ಟಕ್ಕೆ ನಿಲ್ಲಿಸಬೇಕು.

ಮೂಲೆಯನ್ನು ಉಗುರಿನಿಂದಲೋ ಹಳೆಯ ಎಟಿಎಂ ಕಾರ್ಡಿನಿಂದಲೋ ಎಬ್ಬಿಸಿ, ಸ್ಟಿಕ್ಕರನ್ನು ಹೊರಕ್ಕೆ ಎಳೆಯದೆ, ಬಂದ ದಾರಿಯಲ್ಲೇ ಹಿಂದಕ್ಕೆ ಮಡಚಿ, ಬಾಗಿಲಿಗೆ ಹತ್ತಿರವಾಗಿ ನಿಧಾನವಾಗಿ ಎಳೆಯುತ್ತಾ ಹೋಗಬೇಕು. ಶಾಖ ಕಡಿಮೆಯಾದರೆ ಸ್ಟಿಕ್ಕರು ಚೂರುಚೂರಾಗಿ ತುಂಡಾಗುತ್ತದೆ, ಹೆಚ್ಚಾದರೆ ಸ್ಟಿಕ್ಕರು ಬಂದು ಅಂಟೆಲ್ಲ ಬಾಗಿಲಲ್ಲೇ ಉಳಿಯುತ್ತದೆ. ಈ ನಡುವಿನ ಹದ ಕೈಗೆ ಸಿಗುವವರೆಗೆ ಕೊನೆಯ ಅಕ್ಷರದಂತಹ ಸಣ್ಣ ಭಾಗದಲ್ಲಿ ಪ್ರಯತ್ನಿಸಿ.

ಡಿಕ್ಕಿಯ ಅಕ್ಷರಗಳು ಸಾಮಾನ್ಯವಾಗಿ ಎರಡೂ ಬದಿ ಅಂಟಿರುವ ಫೋಮ್ ಟೇಪಿನ ಮೇಲೆ ನಿಂತಿರುತ್ತವೆ. ಸ್ಕ್ರೂಡ್ರೈವರಿನಿಂದ ಮೀಟಬಾರದು. ಬಿಸಿ ಮಾಡಿದ ಮೇಲೆ ಗಾಳ ಹಾಕುವ ನೈಲಾನ್ ದಾರವನ್ನು ಅಕ್ಷರದ ಹಿಂದೆ ತೂರಿಸಿ, ಎರಡು ಕೈಗಳಿಂದ ಗರಗಸದಂತೆ ಎಳೆದರೆ ಫೋಮ್ ನಡುವಿನಲ್ಲಿ ಸೀಳುತ್ತದೆ. ಉಳಿದ ಫೋಮನ್ನು ಹೆಬ್ಬೆರಳಿನಿಂದ ಒತ್ತಿ ಹೊರಳಿಸಿದರೆ ಉಂಡೆಯಾಗಿ ಬರುತ್ತದೆ. ಕೊನೆಯ ಅಂಟಿಗೆ ಚಿಮಿಣಿ ಎಣ್ಣೆಯನ್ನು (ಸೀಮೆಎಣ್ಣೆಯನ್ನು) ಬಟ್ಟೆಯಲ್ಲಿ ತೇವ ಮಾಡಿ ಕೆಲವು ನಿಮಿಷ ಇಟ್ಟು ಒರೆಸಿ, ಕೂಡಲೇ ಶಾಂಪೂ ನೀರಿನಿಂದ ತೊಳೆಯಿರಿ. ಎಣ್ಣೆ ಮುಟ್ಟಿದ ಜಾಗಕ್ಕೆ ಮತ್ತೆ ಡ್ರೈಯರ್ ಹಿಡಿಯಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಬದಿಯಡ್ಕದಿಂದ ಮತ್ತೆ:

ಇಬ್ಬರಿಗೂ ಧನ್ಯವಾದಗಳು. ಅಯಸ್ಕಾಂತವು ಮೂರು ಬಾಗಿಲುಗಳಲ್ಲಿ ಗಟ್ಟಿಯಾಗಿ ಹಿಡಿದು, ಎಡಬದಿಯ ಹಿಂದಿನದರಲ್ಲಿ ಕೆಳಭಾಗದ ಅಕ್ಷರಗಳ ಹತ್ತಿರ ಜಾರಿತು. ಡಿಕ್ಕಿಯಲ್ಲಿ ಏರೇನೂ ಸಿಗಲಿಲ್ಲ. ಆ ಒಂದು ಬಾಗಿಲಿಗೆ ಏನು ಮಾಡಲಿ?

ಉಪ್ಪಳದಿಂದ ಉತ್ತರ:

ಆ ಬಾಗಿಲನ್ನು ಕೊನೆಗೆ ಇಟ್ಟುಕೊಳ್ಳಿ, ಅಷ್ಟರಲ್ಲಿ ಕೈ ಪಳಗಿರುತ್ತದೆ. ಶಾಖವನ್ನು ಇನ್ನೂ ಕಡಿಮೆ ಮಾಡಿ, ಉದ್ದಕ್ಕೆ ಎಳೆಯುವ ಬದಲು ಅಕ್ಷರದ ಪಟ್ಟಿಯನ್ನು ಬೆರಳಗಲದಷ್ಟೇ ಎಬ್ಬಿಸಿ, ಎದ್ದ ಗೆರೆಯುದ್ದಕ್ಕೂ ಚಿಮಿಣಿ ಎಣ್ಣೆಯ ಬಟ್ಟೆಯಿಂದ ಅಂಟನ್ನು ನೆನೆಸುತ್ತಾ ಮುಂದುವರಿಯಿರಿ. ಇಲ್ಲಿಯೂ ಎಣ್ಣೆ ಹಚ್ಚಿದ ಮೇಲೆ ಬಿಸಿ ಕೊಡಬೇಡಿ. ಬಣ್ಣದ ಸಿಪ್ಪೆ ಸ್ಟಿಕ್ಕರಿನೊಂದಿಗೆ ಬರಲು ಶುರುವಾದದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ. ಒಂದು ಬಾಗಿಲಿಗೆ ಮರುಬಣ್ಣ ಹೊಡೆಸುವ ಖರ್ಚಿನ ಮುಂದೆ ಅಲ್ಲಿ ಇನ್ನೊಂದು ಸರಳವಾದ ಸ್ಟಿಕ್ಕರನ್ನು ಅಂಟಿಸಿಕೊಳ್ಳುವುದು ಸಾವಿರ ಪಾಲು ಮೇಲು.

ಮಂಜೇಶ್ವರದಿಂದ ಉತ್ತರ:

ಎರಡು ವಿಷಯಗಳನ್ನು ಸೇರಿಸುತ್ತೇನೆ. ಡಿಕ್ಕಿಯ ಅಕ್ಷರಗಳಿಗೆ ಬರಿಯ ಟೇಪು ಇದ್ದರೂ, ಕಂಪೆನಿಯ ಲಾಂಛನದ ಹಿಂದೆ ಕೆಲವು ಕಾರುಗಳಲ್ಲಿ ತಗಡಿನ ತೂತಿಗೆ ಸೇರುವ ಮೊಳೆಗಳಿರುತ್ತವೆ. ಬಿಡಿಭಾಗದ ಅಂಗಡಿಯಲ್ಲಿ ಅದೇ ಮಾದರಿಯ ಲಾಂಛನವನ್ನು ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ. ಮೊಳೆಯಿದ್ದರೆ ಅದನ್ನು ಹಾಗೆಯೇ ಬಿಡುವುದು ಒಳ್ಳೆಯದು, ಏಕೆಂದರೆ ಮುಚ್ಚದ ತೂತಿನಿಂದ ಮಳೆನೀರು ಒಳಗಿಳಿದು, ನಮ್ಮ ಕಡಲತಡಿಯ ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯಲು ತಡವಾಗುವುದಿಲ್ಲ.

ಎರಡನೆಯದಾಗಿ, ಕೆಂಪು ಬಣ್ಣ ಬಿಸಿಲಿಗೆ ಬೇಗ ಮಾಸುವುದರಿಂದ, ಸ್ಟಿಕ್ಕರು ಹೋದರೂ ಅದರ ಅಡಿಯಲ್ಲಿದ್ದ ಹೊಸ ಬಣ್ಣದಲ್ಲಿ ಹೆಸರನ್ನು ಓದಲು ಬರುತ್ತದೆ. ಪಾಲಿಶ್ ಮಾಡಬೇಕಾದದ್ದು ಅಕ್ಷರಗಳನ್ನಲ್ಲ, ಸುತ್ತಲಿನ ಮಾಸಿದ ಭಾಗವನ್ನು. ಬಿಳಿ ಬಟ್ಟೆಯಿಂದ ಮೆಲ್ಲಗೆ ಪಾಲಿಶ್ ಉಜ್ಜಿದಾಗ ಬಟ್ಟೆ ಕೆಂಪಾದರೆ ನಿಮ್ಮ ಕಾರಿಗೆ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ, ಇಲ್ಲವೆಂದು ತಿಳಿಯಬೇಕು. ಇದ್ದರೂ ಅದು ಸುಮಾರು 40ರಿಂದ 50 ಮೈಕ್ರಾನ್ ದಪ್ಪದ ಪದರವಷ್ಟೇ ಆದ್ದರಿಂದ, ಉಜ್ಜುವ ಒರಟು ಕಾಂಪೌಂಡ್ ಪೇಸ್ಟನ್ನು ಮತ್ತೆ ಮತ್ತೆ ಹಚ್ಚಿ ಗುರುತನ್ನು ಪೂರ್ತಿ ಅಳಿಸುವ ಹಟ ಬೇಡ. ನಯವಾದ ಪಾಲಿಶ್ ಮಾಡಿ ವ್ಯಾಕ್ಸ್ ಹಚ್ಚಿದರೆ, ಉಳಿದ ವ್ಯತ್ಯಾಸ ಒಂದೆರಡು ಬೇಸಗೆಗಳಲ್ಲಿ ತಕ್ಕಮಟ್ಟಿಗೆ ಸರಿಹೋಗುತ್ತದೆ. ಅಲ್ಲಿಯವರೆಗೆ ಊಟದ ದರ ಕೇಳುವವರು ಬಂದರೆ ಹಳೆಯ ಮಾಲೀಕರ ಸಂಖ್ಯೆಯನ್ನು ಕೊಟ್ಟುಬಿಡಿ.