ಪ್ಯಾಸಿವ್ ಕೂಲಿಂಗ್: ‘ನಿಷ್ಕ್ರಿಯ’ ಬೇಡ, ‘ಆರು’ ಸಾಕಲ್ವಾ?

ಎಲ್ಲರಿಗೂ ನಮಸ್ಕಾರ.

ಫ್ಯಾನ್ ಇಲ್ಲದ ಪುಟ್ಟ ಕಂಪ್ಯೂಟರ್ ಕೇಸ್‌ಗಳ ಬಗ್ಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸದ್ದಿಲ್ಲದ ಕಂಪ್ಯೂಟರನ್ನು ಮನೆಯಲ್ಲೇ ಜೋಡಿಸಿಕೊಳ್ಳುವವರಿಗೆ. ‘ಪ್ಯಾಸಿವ್ ಕೂಲಿಂಗ್’ಗೆ, ಅಂದರೆ ಫ್ಯಾನ್ ಇಲ್ಲದೆ ಕಾವು ಹೊರಗೆ ಹಾಕುವುದಕ್ಕೆ, ಕನ್ನಡದಲ್ಲಿ ಏನು ಹೇಳೋಣ ಅನ್ನುವುದು ನನ್ನ ಪ್ರಶ್ನೆ.

‘ನಿಷ್ಕ್ರಿಯ ತಂಪುಗೊಳಿಸುವಿಕೆ’ ಅಂತ ಬರೆಯಬಹುದು. ನನಗೆ ಅದರ ಎರಡು ಪದವೂ ಒಪ್ಪಿಗೆಯಿಲ್ಲ. ನಿಷ್ಕ್ರಿಯ ಅಂದರೆ ಕೆಲಸ ನಿಂತದ್ದು. ಬ್ಯಾಂಕ್ ಖಾತೆ ನಿಷ್ಕ್ರಿಯವಾಗುತ್ತದೆ, ಬಾಂಬ್ ನಿಷ್ಕ್ರಿಯ ದಳ ಇದೆ. ಇಲ್ಲಿ ಕೆಲಸ ಒಂದು ಕ್ಷಣವೂ ನಿಲ್ಲುವುದಿಲ್ಲ.

ಸ್ಟ್ರೀಕಾಂ ಎಫ್‌ಸಿ8 ಥರದ ಫ್ಯಾನಿಲ್ಲದ ಕೇಸ್ ಬಿಚ್ಚಿ ನೋಡಿ. ಒಳಗೆ 17 ಸೆಂ.ಮೀ. ಚೌಕದ, ಮಿನಿ ಐಟಿಎಕ್ಸ್ ಅನ್ನುವ ಪುಟ್ಟ ಅಳತೆಯ ಮದರ್‌ಬೋರ್ಡ್. ಪ್ರೊಸೆಸರ್ ಮೇಲೆ ಲೋಹದ ಗಟ್ಟಿ, ಅದರಿಂದ ಬಾಗಿ ಹೊರಟ ಹೀಟ್ ಪೈಪ್‌ಗಳು, ಅವು ಹೋಗಿ ಒತ್ತಿಕೊಳ್ಳುವುದು ಕೇಸ್‌ನ ಅಲ್ಯೂಮಿನಿಯಂ ಗೋಡೆಗೆ. ನಡುವೆ ಗಾಳಿ ಉಳಿಯದಂತೆ ಬೂದು ಬಣ್ಣದ ಪೇಸ್ಟ್ ಸವರಿರುತ್ತಾರೆ. ಹೀಟ್ ಪೈಪ್ ಅಂದರೆ ಎರಡೂ ಕಡೆ ಮುಚ್ಚಿದ ತಾಮ್ರದ ಕೊಳವೆ. ಒಳಗೆ ಒಂದಿಷ್ಟೇ ನೀರು. ಒತ್ತಡ ತೀರಾ ಕಡಿಮೆ ಇರುವುದರಿಂದ ಆ ನೀರು 100 ಡಿಗ್ರಿಗೆ ಎಷ್ಟೋ ಮುಂಚೆಯೇ ಆವಿಯಾಗುತ್ತದೆ. ಆವಿ ಗೋಡೆಯ ಕಡೆಗೆ ಓಡಿ, ಅಲ್ಲಿ ಕಾವು ಬಿಟ್ಟು ಮತ್ತೆ ನೀರಾಗುತ್ತದೆ. ಕೊಳವೆಯ ಒಳಮೈಯ ಸಣ್ಣ ಸಣ್ಣ ರಂಧ್ರಗಳು ಆ ನೀರನ್ನು ಬಿಸಿ ತುದಿಗೆ ವಾಪಸ್ ಎಳೆಯುತ್ತವೆ. ಇದನ್ನು ನಿಷ್ಕ್ರಿಯ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ‘ತಂಪು’. ಗೋಡೆ ಮುಟ್ಟಿದರೆ ಚೆನ್ನಾಗಿ ಬೆಚ್ಚಗಿರುತ್ತದೆ, ಇರಲೇಬೇಕು. ಕಾವು ಹೊರಗೆ ಬರುತ್ತಿದೆ ಅನ್ನುವುದಕ್ಕೆ ಅದೇ ಗುರುತು. ತಂಪು ಅಂತ ಓದಿದವರು ಗಾಬರಿಯಾಗುತ್ತಾರೆ.

ನನ್ನ ಸಲಹೆ ‘ಆರು’. ‘ಹಾಲು ಆರಲಿ, ಆಮೇಲೆ ಹೆಪ್ಪು ಹಾಕು’ ಅನ್ನುತ್ತೇವಲ್ಲ, ಆ ಆರು. ಬಿಸಿ ಇದ್ದದ್ದು ಮಾತ್ರ ಆರುತ್ತದೆ. ಆರಿದ್ದು ಸುತ್ತಲಿನ ಗಾಳಿಗಿಂತ ತಣ್ಣಗಾಗುವುದಿಲ್ಲ, ಅದಕ್ಕೆ ಫ್ರಿಜ್ ಬೇಕು. ಫ್ಯಾನಿಲ್ಲದ ಕೇಸ್‌ನ ಮಿತಿಯೂ ಸರಿಯಾಗಿ ಅಷ್ಟೇ. ಹಾಗಾಗಿ ‘ತಾನಾಗಿ ಆರುವ ಕೇಸ್’ ಅಂತ ಬರೆಯಬಹುದಾ? ‘ಆರಿಸು’ ಬಂದಾಗ ತೊಡಕಿದೆ ಅನ್ನುವುದು ಗೊತ್ತು, ಅದಕ್ಕೆ ದೀಪ ಆರಿಸು, ಬೇಕಾದ್ದನ್ನು ಆರಿಸು ಅನ್ನುವ ಅರ್ಥಗಳೂ ಇವೆ. ಅಲ್ಲಿ ‘ತಣಿಸು’ ನಡೆದೀತು.

‘ಕನ್ವೆಕ್ಷನ್’ಗೆ ಇರುವ ‘ಸಂವಹನ’ವೂ ಕಷ್ಟವೇ. ಪಠ್ಯಪುಸ್ತಕದಲ್ಲಿ ಬಿಸಿ ಗಾಳಿ ಮೇಲೇರುವುದು ಉಷ್ಣ ಸಂವಹನ. ಆದರೆ ಈಗ ಸಂವಹನ ಅಂದರೆ ಜಾಸ್ತಿ ಜನಕ್ಕೆ ಮಾತುಕತೆ. ಆಪಲ್‌ನ 2000ದ ಪವರ್ ಮ್ಯಾಕ್ ಜಿ4 ಕ್ಯೂಬ್‌ನಲ್ಲಿ ಗಾಳಿ ಅಡಿಯಿಂದ ಒಳಗೆ ಬಂದು, ಬಿಸಿಯಾಗಿ ನೆತ್ತಿಯಿಂದ ಹೊರಗೆ ಹೋಗುತ್ತಿತ್ತು. ಅದನ್ನು ‘ಗಾಳಿಯ ಏರು’ ಅಂತ ಸುಮ್ನೆ ಬಿಡಿಸಿ ಬರೆದಿದ್ದೇನೆ.

ಕೊನೆಯದು ‘ಫಿನ್’. ಗೋಡೆಯ ಹೊರಗೆ ಸಾಲಾಗಿ ಎದ್ದಿರುವ ಪಟ್ಟಿಗಳು, ಗಾಳಿಗೆ ತಾಗುವ ಮೈ ಹೆಚ್ಚಿಸಲು. ‘ರೆಕ್ಕೆ’ ಅಂದರೆ ಓದುಗರು ಫ್ಯಾನಿನ ರೆಕ್ಕೆ ಹುಡುಕುತ್ತಾರೆ, ಫ್ಯಾನೇ ಇಲ್ಲದ ಕಡೆ. ‘ಹಲ್ಲು’ ಅನ್ನಬಹುದಾ? ಬೈಕ್ ಎಂಜಿನ್ ಮೇಲೂ ಇವೇ ಪಟ್ಟಿಗಳಿವೆ. ನಿಮ್ಮೂರಿನ ಮೆಕ್ಯಾನಿಕ್‌ಗಳು ಅವಕ್ಕೆ ಏನನ್ನುತ್ತಾರೆ, ಯಾರಾದರೂ ಕೇಳಿ ತಿಳಿಸುತ್ತೀರಾ?