ಬಿಯರ್ ಲೈನಿಗೆ ಮೀಡ್ ಕೆಗ್: ಒಂದರಲ್ಲಿ ಬರೀ ನೊರೆ, ಇನ್ನೊಂದು ನಾಲಿಗೆ ಚುರುಗುಟ್ಟಿಸುತ್ತೆ

ಪುಣೆ_ಟ್ಯಾಪ್:
ಪುಣೆಯಲ್ಲಿ ಎಂಟು ಟ್ಯಾಪಿನ ಪಬ್. ಹತ್ತಿರದಲ್ಲೇ ಶುರುವಾದ ಹೊಸ ಮೀಡರಿಯಿಂದ (ಜೇನು ಹುದುಗಿಸಿ ಮೀಡ್ ಅನ್ನೋ ಮದ್ಯ ಮಾಡೋ ಜಾಗ) 20 ಲೀಟರಿನ ಎರಡು ಕೆಗ್, ಅಂದರೆ ಪೀಪಾಯಿ, ಬಂದಿವೆ. ಒಂದು ಕಾಫಿ ಹಾಕಿದ ಸ್ಪಾರ್ಕ್ಲಿಂಗ್ (ಗ್ಯಾಸ್ ಇರೋ) ಮೀಡ್, ಆಲ್ಕೋಹಾಲ್ 6.5%. ಇನ್ನೊಂದು ಗ್ಯಾಸ್ ಇಲ್ಲದ ಸಾದಾ ಜೇನಿನ ಮೀಡ್, 12%, ತುಸು ಸಿಹಿ. ಎರಡೂ ಬಿಯರ್ ಲೈನಿನಲ್ಲೇ ಇವೆ: ಕೋಲ್ಡ್ ರೂಮ್ 4 ಡಿಗ್ರಿ, ಸಿಒ2 ಒತ್ತಡ 12 ಪಿಎಸ್‌ಐ, 3/16 ಇಂಚಿನ ವಿನೈಲ್ ಪೈಪ್ 6 ಅಡಿ, ಹಿತ್ತಾಳೆಗೆ ಕ್ರೋಮ್ ಲೇಪಿಸಿದ ನಲ್ಲಿ.

ಕಾಫಿಯದ್ದು ಅರ್ಧ ಗ್ಲಾಸ್ ನೊರೆ. ಸಾದಾ ಮೀಡ್ ಮೂರನೇ ದಿನಕ್ಕೆ ಚುರುಗುಟ್ಟೋಕೆ ಶುರುವಾಯ್ತು, ಹಿಂದೆಯೇ ಲೋಹದ ರುಚಿ. ಬಾಟಲಿಯಲ್ಲಿ ಎರಡೂ ಚೆನ್ನಾಗಿವೆ. ತಪ್ಪು ಕೆಗ್‌ನದೋ, ನಮ್ಮ ಲೈನಿನದೋ?

ಲೈನ್_ಲೆಕ್ಕ:
ಬಹುಮಟ್ಟಿಗೆ ಲೈನಿನದು. ಮೊದಲು ಸಾದಾ ಮೀಡ್ ನೋಡಿ. 4 ಡಿಗ್ರಿಯಲ್ಲಿ 12 ಪಿಎಸ್‌ಐ ಸಿಒ2 ಕೊಟ್ಟರೆ ಯಾವ ಪಾನೀಯವೂ ನಿಧಾನಕ್ಕೆ 2.5 ವಾಲ್ಯೂಮ್ (ಒಂದು ಲೀಟರ್ ಪಾನೀಯದಲ್ಲಿ ಎರಡೂವರೆ ಲೀಟರ್ ಗ್ಯಾಸ್ ಕರಗಿರೋದು) ಕಡೆಗೆ ಹೋಗುತ್ತೆ, ಅಂದರೆ ಬಿಯರಿನಷ್ಟು ಗ್ಯಾಸ್. ನೀವೇ ಅದನ್ನ ಸೋಡಾ ಮಾಡ್ತಾ ಇದ್ದೀರಿ. ಅದಕ್ಕೆ ಶುದ್ಧ ನೈಟ್ರೋಜನ್ ಬೇಕು, 3ರಿಂದ 5 ಪಿಎಸ್‌ಐ ಸಾಕು. ಈ ಒತ್ತಡದಲ್ಲಿ ಅದು ಕರಗೋದು ಇಲ್ಲವೆನ್ನುವಷ್ಟು ಕಡಿಮೆ. ಸ್ಟೌಟ್‌ಗೆ ಬಳಸೋ ಮಿಶ್ರ ಗ್ಯಾಸ್ ಬೇಡ, ಅದರಲ್ಲೂ ಸಿಒ2 ಇದೆ.

ಒಂದು ಎಚ್ಚರಿಕೆ: ನೈಟ್ರೋಜನ್ ಸಿಲಿಂಡರ್ ಒಳಗೆ 150 ಬಾರ್ ಆಸುಪಾಸು ಇರುತ್ತೆ, ಸಿಒ2 ಸಿಲಿಂಡರಿನಲ್ಲಿ 20 ಡಿಗ್ರಿಗೆ 57 ಬಾರ್. ಸಿಒ2 ರೆಗ್ಯುಲೇಟರನ್ನ ಅಡಾಪ್ಟರ್ ಹಾಕಿ ಕೂರಿಸೋ ಜುಗಾಡ್ ಮಾಡಲೇಬೇಡಿ.

ಸೇರಿಕೊಂಡ ಗ್ಯಾಸ್ ತೆಗೆಯೋಕೆ ಸಿಒ2 ಬಿಚ್ಚಿ, ಒತ್ತಡ ಪೂರ್ತಿ ಬಿಟ್ಟು, ಕೆಗ್ಗನ್ನ ಹೊರಗೆ ರೂಮಿನ ತಾಪಕ್ಕೆ ತನ್ನಿ. 5 ಪಿಎಸ್‌ಐ ನೈಟ್ರೋಜನ್ ತುಂಬಿಸಿ, ಒಂದೆರಡು ಗಂಟೆಗೊಮ್ಮೆ ಬಿಡುತ್ತಾ ಹೋಗಿ. ಮುಚ್ಚಳ ತೆಗೆದಿಡಬೇಡಿ, ಗಾಳಿ ತಾಗಿದರೆ ಜೇನಿನ ಪರಿಮಳವೇ ಮೊದಲು ಹೋಗೋದು.

ಜೇನುಗೂಡು:
ಗುರುಗಳೇ, ಅದಕ್ಕೆ ಮುಂಚೆ ಒಂದು ವಿಷಯ ಕೇಳಿಕೊಳ್ಳಬೇಕು. ಸಿಹಿ ಉಳಿದಿರೋ 12% ಮೀಡಿನಲ್ಲಿ ಯೀಸ್ಟ್ ಸತ್ತಿರುತ್ತೆ ಅನ್ನೋ ಖಾತ್ರಿ ಇಲ್ಲ. ಚುರುಗು ಬಂದಿರೋದು ನಿಮ್ಮ ಸಿಲಿಂಡರಿನಿಂದಲೋ, ಒಳಗೆ ಮತ್ತೆ ಹುದುಗು ಎದ್ದದ್ದರಿಂದಲೋ? ಮತ್ತೆ ಹುದುಗದಂತೆ ತಡೆಯೋ ಸಲ್ಫೈಟ್ ಮತ್ತು ಸೋರ್ಬೇಟ್ ಎರಡೂ ಹಾಕಿದ್ದಾರಾ, ಇಲ್ಲಾ 0.45 ಮೈಕ್ರಾನ್ ಸ್ಟೆರೈಲ್ ಫಿಲ್ಟರ್ ಮಾಡಿದ್ದಾರಾ ಅಂತ ಮೀಡರಿಯವರನ್ನ ಕೇಳಿ. ಯಾವುದೂ ಮಾಡಿಲ್ಲ ಅಂದರೆ ಹೊರಗೆ ತರಲೇಬೇಡಿ. ಬೆಚ್ಚಗಾದ ಕೂಡಲೇ ಯೀಸ್ಟ್ ಮತ್ತೆ ಕೆಲಸಕ್ಕೆ ಇಳಿಯುತ್ತೆ. ಸೋರ್ಬೇಟ್ ಒಂದೇ ಹಾಕಿದ್ದರೂ ಸಮಾಧಾನ ಇಲ್ಲ: ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಅದನ್ನ ಒಡೆದರೆ ಜೆರೇನಿಯಂ ಎಲೆ ಉಜ್ಜಿದ ವಾಸನೆ ಬರುತ್ತೆ, ಆಮೇಲೆ ಅದಕ್ಕೆ ಮದ್ದಿಲ್ಲ.

ಕೆಗ್_ಮೆಕ್ಯಾನಿಕ್:
ಪರೀಕ್ಷೆ ಸುಲಭ. ಗ್ಯಾಸ್ ಬಿಚ್ಚಿ, ಗೇಜ್ ಹಾಕಿ ಹೊರಗೆ ಎರಡು ದಿನ ಇಡಿ. ಒತ್ತಡ ಏರಿದರೆ ಹುದುಗು.

ಜೇನುಗೂಡು:
ಅದು ಮೋಸ ಮಾಡುತ್ತೆ. ಈಗಾಗಲೇ ಕರಗಿರೋ ಸಿಒ2 ಬೆಚ್ಚಗಾದಾಗ ಹೊರಬಂದು ಗೇಜನ್ನ ತಾನೇ ಏರಿಸುತ್ತೆ. ಹೈಡ್ರೋಮೀಟರೇ ಗತಿ: ಅದು ದ್ರವದ ಗ್ರಾವಿಟಿ (ಸಾಂದ್ರತೆ) ಅಳೆಯುತ್ತೆ, ಸಕ್ಕರೆ ಹುದುಗಿದರೆ ಅಂಕಿ ಇಳಿಯುತ್ತೆ. 200 ಮಿಲಿ ತೆಗೆದು, ಎರಡು ಲೋಟದ ಮಧ್ಯೆ ಸುರಿದು ಸುರಿದು ಗ್ಯಾಸ್ ಬಿಡಿಸಿ (ಗುಳ್ಳೆ ಅಂಟಿಕೊಂಡರೆ ಹೈಡ್ರೋಮೀಟರ್ ಮೇಲೆದ್ದು ಹೆಚ್ಚು ತೋರಿಸುತ್ತೆ), 20 ಡಿಗ್ರಿಗೆ ತಂದು ಓದಿ. ಕೆಗ್ ತುಂಬಿದಾಗ ಮೀಡರಿಯವರು ಬರೆದ ಅಂಕಿಗಿಂತ 0.002 ಇಳಿದಿದ್ದರೂ ನನಗೆ ಅನುಮಾನ. ಅಂಥ ಕೆಗ್ ವಾಪಸ್ ಕಳಿಸಿ.

ಲೈನ್_ಲೆಕ್ಕ:
ಸರಿಯಾದ ಮಾತು. ಹೊರಗೆ ತರೋ ಸಲಹೆ ಹೀಗೆ ಮತ್ತೆ ಹುದುಗದಂತೆ ಸ್ಥಿರ ಮಾಡಿರೋ ಮೀಡಿಗೆ ಮಾತ್ರ.

ಈಗ ನೊರೆ. ನೊರೆ ಕಂಡ ಕೂಡಲೇ ಒತ್ತಡ ಇಳಿಸೋದು ಎಲ್ಲರೂ ಮಾಡೋ ಕೆಲಸ, ಅದರಿಂದಲೇ ಇನ್ನೂ ಕೆಡೋದು. ಸ್ಪಾರ್ಕ್ಲಿಂಗ್ ಮೀಡನ್ನ ಸಾಮಾನ್ಯವಾಗಿ ಬಿಯರಿಗಿಂತ ಜಾಸ್ತಿ ಗ್ಯಾಸಿಗೆ ಮಾಡ್ತಾರೆ. 4 ಡಿಗ್ರಿಯಲ್ಲಿ 2.5 ವಾಲ್ಯೂಮ್ ಹಿಡಿದಿಡೋಕೆ 12 ಪಿಎಸ್‌ಐ ಸಾಕು, 3.0ಕ್ಕೆ ಸುಮಾರು 18 ಬೇಕು. ಅದಕ್ಕಿಂತ ಕಡಿಮೆ ಕೊಟ್ಟರೆ ಗ್ಯಾಸ್ ಪೈಪಿನೊಳಗೇ ಬಿಟ್ಟುಕೊಳ್ಳುತ್ತೆ, ನಲ್ಲಿಗೆ ಬರೋದು ನೊರೆ. ಜೊತೆಗೆ ಎತ್ತರದ ಲೆಕ್ಕ: ಪುಣೆ ಸುಮಾರು 560 ಮೀಟರ್, ಗೇಜ್ ಮೇಲೆ 1 ಪಿಎಸ್‌ಐ ಹೆಚ್ಚಿಗೆ ಇಡಿ. ಬೆಂಗಳೂರಿನವರು 920 ಮೀಟರಿಗೆ ಒಂದೂವರೆ ಸೇರಿಸಿಕೊಳ್ಳಲಿ.

ಒತ್ತಡ ಏರಿಸಿದರೆ 6 ಅಡಿ ಪೈಪ್ ಸಾಲದು. ಪುಸ್ತಕದಲ್ಲಿ 3/16 ಪೈಪು ಅಡಿಗೆ 3 ಪಿಎಸ್‌ಐ ತಡೆಯುತ್ತೆ ಅಂತಿರುತ್ತೆ, ಕೆಲಸದಲ್ಲಿ 2ರ ಹತ್ತಿರ ಹಿಡಿಯಿರಿ. 12 ಅಡಿ ಹಾಕಿ, ತೀರಾ ನಿಧಾನ ಅನಿಸಿದರೆ ಅರ್ಧರ್ಧ ಅಡಿ ಕತ್ತರಿಸಿ. ಉದ್ದ ಪೈಪನ್ನ ಕಡಿಮೆ ಮಾಡಬಹುದು, ಗಿಡ್ಡ ಪೈಪನ್ನ ಬೆಳೆಸೋಕಾಗಲ್ಲ.

ಮೊದಲ ಗ್ಲಾಸಿಗೆ ಮಾತ್ರ ನೊರೆ ಬಂದು ಎರಡನೆಯದು ಸರಿ ಇದ್ದರೆ ಟವರ್ (ಕೌಂಟರ್ ಮೇಲೆ ನಲ್ಲಿ ಕೂತಿರೋ ಕಂಬ) ಬಿಸಿಯಾಗಿದೆ ಅಂತ. ಆಗ ಒತ್ತಡ ಮುಟ್ಟಬೇಡಿ, ಟವರಿಗೆ ತಣ್ಣನೆ ಗಾಳಿ ಹಾಯಿಸಿ.

ಕೆಗ್_ಮೆಕ್ಯಾನಿಕ್:
ಗೇಜಿನ ವಿಷಯ ಒಪ್ಪಿದೆ. ಲೋಹದ ರುಚಿಗೆ ಕಾರಣ ಆ ನಲ್ಲಿ. ಮೀಡಿನ ಪಿಎಚ್ ಸಾಮಾನ್ಯವಾಗಿ 3.2ರಿಂದ 3.8, ಬಿಯರಿಗಿಂತ ಹುಳಿ. ಕ್ರೋಮ್ ಒಳಗಡೆ ಸವೆದಿರೋ ಜಾಗದಲ್ಲಿ ಹಿತ್ತಾಳೆ ಕರಗುತ್ತೆ. ನಲ್ಲಿ, ಶ್ಯಾಂಕ್ (ಪೈಪನ್ನ ನಲ್ಲಿಗೆ ಸೇರಿಸೋ ಕೊಳವೆ), ಕಪ್ಲರಿನ (ಕೆಗ್ಗಿನ ಬಾಯಿಗೆ ಕೂರಿಸೋ ಜೋಡಣೆ) ಒಳಗಿನ ಕೊಳವೆ ಮೂರೂ 304 ಸ್ಟೇನ್‌ಲೆಸ್ ಇರಲಿ. ನಲ್ಲಿ ಒಂದನ್ನೇ ಬದಲಾಯಿಸಿ ಶ್ಯಾಂಕ್ ಹಾಗೇ ಬಿಟ್ಟರೆ ದುಡ್ಡು ದಂಡ.

ಕಾಫಿಯ ವಾಸನೆಯನ್ನ ವಿನೈಲ್ ಹೀರಿಕೊಳ್ಳುತ್ತೆ. ಆ ಪೈಪನ್ನ ಕಾಫಿ ಮೀಡಿಗೇ ಮೀಸಲಿಡಿ, ಇಲ್ಲಾ ವಾಸನೆ ಅಷ್ಟಾಗಿ ಹೀರದ ಬ್ಯಾರಿಯರ್ ಪೈಪ್ ಹಾಕಿ. 14 ದಿನಕ್ಕೊಮ್ಮೆ 2% ಕಾಸ್ಟಿಕ್ ದ್ರಾವಣ 15 ನಿಮಿಷ ಪಂಪಿನಲ್ಲಿ ಸುತ್ತಿಸಿ, ಹೊರಬರೋ ನೀರಿನ ಪಿಎಚ್, ಮಾಮೂಲಿ ನಲ್ಲಿಯ ನೀರಿನಷ್ಟೇ ಆಗೋವರೆಗೂ ತೊಳೆಯಿರಿ. ಮೂರು ತಿಂಗಳಿಗೊಮ್ಮೆ ಆಸಿಡ್.

ಪುಣೆ_ಟ್ಯಾಪ್:
ಮೀಡರಿಯವರನ್ನ ಕೇಳಿದೆ. ಸಲ್ಫೈಟ್, ಸೋರ್ಬೇಟ್ ಎರಡೂ ಹಾಕಿದ್ದಾರೆ. ಶುರುವಿನ ಗ್ರಾವಿಟಿ 1.110, ಕೆಗ್ ತುಂಬಿದಾಗ 1.018, ಇವತ್ತಿನ ಓದೂ 1.018. ಕಾಫಿಯದ್ದು 2.8 ವಾಲ್ಯೂಮ್. ಎಷ್ಟೆಷ್ಟು ಮಿಲಿ ಸುರಿಯೋದು ಸರಿ? 12% ಮೀಡನ್ನ 330 ಮಿಲಿ ಕೇಳ್ತಾರೆ.

ಜೇನುಗೂಡು:
ಹಾಗಾದರೆ ಹುದುಗಲ್ಲ, ಹೊರಗೆ ತಂದು ನೈಟ್ರೋಜನ್ ಕೆಲಸ ಧೈರ್ಯವಾಗಿ ಮಾಡಿ. ಕಾಫಿಯದ್ದಕ್ಕೆ 16–17 ಪಿಎಸ್‌ಐ.

12% ಮೀಡ್ 120 ಮಿಲಿ, 6.5% ಮೀಡ್ 220 ಮಿಲಿ ಕೊಟ್ಟರೆ ಎರಡರಲ್ಲೂ ಆಲ್ಕೋಹಾಲ್ ಹೆಚ್ಚುಕಡಿಮೆ ಒಂದೇ, 14 ಮಿಲಿ ಚಿಲ್ಲರೆ. ಬೆಲೆ ಕೇಳಿ ಹುಬ್ಬೇರಿಸೋರಿಗೆ ಜೇನಿನ ಲೆಕ್ಕ ಹೇಳಿ: 1.110 ಗ್ರಾವಿಟಿಗೆ ಲೀಟರಿಗೆ 375 ಗ್ರಾಂ ಜೇನು, ಅಂದರೆ ಆ 20 ಲೀಟರ್ ಕೆಗ್ಗಿನೊಳಗೆ ಏಳೂವರೆ ಕೆಜಿ. 6.5% ಮೀಡಿಗೆ ಸಿಹಿ ಉಳಿಸದಿದ್ದರೆ ಮೂರೂವರೆ ಕೆಜಿಯಲ್ಲಿ ಮುಗಿಯುತ್ತೆ.

ಇನ್ನೊಂದು: ಸಾದಾ ಮೀಡನ್ನ 4 ಡಿಗ್ರಿಯಲ್ಲಿ ಕೊಟ್ಟರೆ ಜೇನಿನ ವಾಸನೆಯೇ ಏಳಲ್ಲ. ಗ್ಲಾಸ್ ಫ್ರಿಜ್‌ನಲ್ಲಿ ಇಡಬೇಡಿ, ಸುರಿದು 10–12 ಡಿಗ್ರಿಗೆ ಬಂದಮೇಲೆ ಟೇಬಲ್ಲಿಗೆ ಕಳಿಸಿ.